ಬಟ್ಟೆಗೆ ಹತ್ತುವ ಕಪ್ಪು

ಅಲ್ಯೂಮಿನಿಯಂ ಚಕ್ರಕ್ಕೆ ಪಾಲಿಷ್ ಹಚ್ಚಿ ಉಜ್ಜಿ ನೋಡಿ. ಎರಡು ಸುತ್ತು ಕೈಯಾಡಿಸುವಷ್ಟರಲ್ಲಿ ಬಿಳಿ ಬಟ್ಟೆ ಕಪ್ಪಾಗುತ್ತದೆ. ಬಟ್ಟೆಯ ಮಗ್ಗುಲು ಬದಲಿಸಿದರೆ ಅದೂ ಕಪ್ಪು, ಹೊಸ ಬಟ್ಟೆ ತಂದರೆ ಅದೂ ಕಪ್ಪು. ಎಷ್ಟು ವರ್ಷದ ಕೊಳೆಯೋ ಏನೋ, ಅಂತೂ ಬಿಡುತ್ತಿದೆಯಲ್ಲ ಎಂದು ಹಿಗ್ಗಿ ಇನ್ನೂ ಜೋರಾಗಿ ಉಜ್ಜುತ್ತೇವೆ. ಆದರೆ ಕೊಳೆ ಮೊದಲ ಒಂದೆರಡು ಬಟ್ಟೆಗೇ ಮುಗಿದಿರುತ್ತದೆ. ಆಮೇಲೆ ಬರುವ ಕಪ್ಪು ಚಕ್ರದ್ದೇ. ತೀರಾ ಸಣ್ಣಗೆ ಪುಡಿಯಾದ ಅಲ್ಯೂಮಿನಿಯಂ ಬೆಳ್ಳಗೆ ಕಾಣುವುದಿಲ್ಲ, ಕಪ್ಪಗೆ ಕಾಣುತ್ತದೆ. ಕಪ್ಪು ನಿಲ್ಲುವವರೆಗೂ ಉಜ್ಜುತ್ತೇನೆ ಎಂದು ಹಟ ಹಿಡಿದವನಿಗೆ ಅದು ನಿಲ್ಲುವುದು ಚಕ್ರವೇ ಮುಗಿದ ಮೇಲೆ.

ಹಳೆಯ ಕಾರುಗಳನ್ನು ಮತ್ತೆ ರಸ್ತೆಗೆ ತರುವ ಕೆಲಸವನ್ನು ಪ್ರೀತಿಯಿಂದ ನೋಡುತ್ತ ಬಂದವನು ನಾನು. ಅಲ್ಲಿ ಎಂಜಿನ್ನಿಗೆ, ಬಣ್ಣಕ್ಕೆ, ಸೀಟಿನ ಚರ್ಮಕ್ಕೆ ಸಿಗುವ ಗಮನ ಚಕ್ರಕ್ಕೆ ಸಿಗುವುದು ಅಪರೂಪ. "ಬಫಿಂಗಿಗೆ ಕೊಟ್ಟುಬಿಡಿ", ಅಂದರೆ ಯಂತ್ರಕ್ಕೆ ಹಿಡಿದು ಹೊಳಪು ಬರಿಸಿ, ಎಂಬ ಒಂದು ಮಾತಿನಲ್ಲಿ ಅದರ ವಿಚಾರ ಮುಗಿಯುತ್ತದೆ. ನನಗೆ ಇದು ಸರಿಕಾಣುವುದಿಲ್ಲ. ಹಳೆಯ ವಸ್ತುವಿನ ಜೊತೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಚಕ್ರದಲ್ಲಿ ಗೊತ್ತಾಗುವಷ್ಟು ಕಾರಿನ ಬೇರೆ ಯಾವ ಭಾಗದಲ್ಲೂ ಗೊತ್ತಾಗುವುದಿಲ್ಲ. ಬಣ್ಣ ಹೊಡೆಯುವುದು ಮೇಲೊಂದು ಸೇರಿಸುವ ಕೆಲಸ. ಪಾಲಿಷ್ ಮಾಡುವುದು ಇದ್ದದ್ದರಲ್ಲಿ ಒಂದಿಷ್ಟನ್ನು ತೆಗೆಯುವ ಕೆಲಸ. ತಪ್ಪಿ ಹೊಡೆದ ಬಣ್ಣವನ್ನು ಕೆರೆದು ಮತ್ತೆ ಹೊಡೆಯಬಹುದು, ತೆಗೆದ ಲೋಹವನ್ನು ಮತ್ತೆ ಇಟ್ಟು ಕೂಡಿಸಲಾಗುವುದಿಲ್ಲ.

ಈ ಲೋಹದ ಸ್ವಭಾವವನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ಅಲ್ಯೂಮಿನಿಯಂ ಗಾಳಿಗೆ ಮೈಯೊಡ್ಡಿದ ಕ್ಷಣದಲ್ಲೇ ಆಮ್ಲಜನಕದೊಡನೆ ಕೂಡಿ ತನ್ನ ಮೇಲೆ ತಾನೇ ಒಂದು ಪದರ ಕಟ್ಟಿಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರು. ಕಬ್ಬಿಣದ ತುಕ್ಕು ಹೆಕ್ಕಳಿಕೆಯಾಗಿ ಉದುರುತ್ತ ಒಳಗಿನ ಕಬ್ಬಿಣವನ್ನೂ ತಿನ್ನುತ್ತ ಹೋಗುತ್ತದೆ. ಅಲ್ಯೂಮಿನಿಯಂನ ಆಕ್ಸೈಡ್ ಹಾಗಲ್ಲ, ಬಿಗಿಯಾಗಿ ಅಂಟಿ ನಿಂತು ಒಳಗಿನದನ್ನು ಕಾಯುತ್ತದೆ. ಲೋಹ 660 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿದರೆ, ಅದರ ಈ ಆಕ್ಸೈಡ್ ಕರಗಲು 2,000 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಇದೇ ಆಕ್ಸೈಡ್ ಭೂಮಿಯೊಳಗೆ ಹರಳುಗಟ್ಟಿದರೆ ಕೊರಂಡಮ್ ಕಲ್ಲು, ನಮ್ಮ ಹಳೆ ಮೈಸೂರು ಸೀಮೆಯ ನೆಲದಲ್ಲೂ ಸಿಗುವಂಥದ್ದು. ಆ ಹರಳಿಗೆ ಒಂದಿಷ್ಟು ಕ್ರೋಮಿಯಂ ಸೇರಿದರೆ ಮಾಣಿಕ್ಯ. ವಜ್ರದ ಗಡಸುತನಕ್ಕೆ 10 ಅಂಕವಾದರೆ ಇದಕ್ಕೆ 9. ಸಾಣೆ ಹಿಡಿಯುವ ಕಾಳು, ಪಾಲಿಷ್ ಪೇಸ್ಟಿನೊಳಗಿನ ನುಣ್ಣನೆಯ ಪುಡಿ ಬಹಳ ಸಲ ಇದೇ ಆಕ್ಸೈಡ್. ಅಲ್ಯೂಮಿನಿಯಂ ಅನ್ನು ಸವೆಸಲು ನಾವು ಬಳಸುವುದು ಅದನ್ನು ಕಾಯುವ ವಸ್ತುವನ್ನೇ. ಇದನ್ನು ತಿಳಿದ ಮೇಲೆ ಮಾಸಿದ ಚಕ್ರವನ್ನು ನಾನು ನೋಡುವ ಬಗೆಯೇ ಬದಲಾಯಿತು. ಆ ಮಾಸಲು ಪೂರ್ತಿ ರೋಗವಲ್ಲ, ಅದರಲ್ಲಿ ಒಂದು ಪಾಲು ಆರೋಗ್ಯದ ಗುರುತೂ ಹೌದು.

ಒಂದು ಚಕ್ರವನ್ನೇ ಹೆಸರಿಟ್ಟು ಮಾತಾಡೋಣ. 1966ರಲ್ಲಿ ಜರ್ಮನಿಯ ಪೋರ್ಷೆ ಕಂಪನಿ 911 ಎಸ್ ಕಾರನ್ನು ಹೊರತಂದಾಗ ಅದಕ್ಕೆ ಐದು ಎಸಳಿನ ಅಲ್ಯೂಮಿನಿಯಂ ಚಕ್ರವಿತ್ತು. ರೂಪ ಕೊಟ್ಟವರು ಪೋರ್ಷೆಯ ಹೈನ್ರಿಶ್ ಕ್ಲೀ, ಮಾಡಿಕೊಟ್ಟದ್ದು ಮೈನರ್ಟ್ಸ್‌ಹಾಗನ್ ಎಂಬ ಊರಿನ ಒಟ್ಟೊ ಫುಕ್ಸ್ ಕಾರ್ಖಾನೆ. ವ್ಯಾಸ 15 ಇಂಚು, ಅಗಲ ನಾಲ್ಕೂವರೆ ಇಂಚು. ಅದು ಎರಕ ಹೊಯ್ದ ಚಕ್ರವಲ್ಲ. ಕಾಯಿಸಿದ ಮಿಶ್ರಲೋಹದ ಗಟ್ಟಿಯನ್ನು ಭಾರಿ ಪ್ರೆಸ್ಸಿನಡಿ ಹಂತಹಂತವಾಗಿ ಒತ್ತಿ, ಅಂಚನ್ನು ರೋಲರಿನಿಂದ ಹಿಗ್ಗಿಸಿ ಒಂದೇ ತುಂಡಿನಲ್ಲಿ ಮಾಡಿದ್ದು. ಹೀಗೆ ಒತ್ತಿದಾಗ ಲೋಹದ ಎಳೆ ತುಂಡಾಗದೆ ಎಸಳಿನ ಆಕಾರದ ಜೊತೆಗೇ ಬಾಗುತ್ತದೆ. ಅದರಿಂದ ಕಡಿಮೆ ತೂಕದಲ್ಲಿ ಹೆಚ್ಚು ಬಲ ಸಿಗುತ್ತದೆ. ಸ್ಪ್ರಿಂಗಿನ ಕೆಳಗಿನ ತೂಕ ಇಳಿದಷ್ಟೂ ಚಕ್ರ ರಸ್ತೆಯನ್ನು ಬಿಡದೆ ಹಿಡಿದು ಓಡುತ್ತದೆ. ಆ ಎಸಳುಗಳಿಗೆ ಹೊಳಪಿದೆ ನಿಜ. ಆದರೆ ಅದು ಕನ್ನಡಿಯ ಹೊಳಪಲ್ಲ. ಬೆಳಕನ್ನು ಎದುರಿಗೆ ಎಸೆಯದೆ ಮೈಮೇಲೆ ಹರಡಿಕೊಳ್ಳುವ ಒಂದು ಮೆತ್ತನೆಯ ಕಾಂತಿ.

ಈಗ ಇಂಥ ಚಕ್ರ, ಅಥವಾ ಇದರ ಕಾಲದ ಬೇರೆ ಯಾವುದೋ ಚಕ್ರ, ಬೆಂಗಳೂರಿನ ಒಂದು ಬಫಿಂಗ್ ಅಂಗಡಿಗೆ ಬಂತೆನ್ನಿ. ನಾನು ಕೇಳಿದ ಮಾತುಕತೆ ಹೀಗಿತ್ತು.

"ಮುಖ ಕಾಣೋ ಹಂಗೆ ಮಾಡ್ಕೊಡ್ತೀನಿ ಬಿಡಿ ಸಾರ್."

"ಅಷ್ಟು ಬೇಡಪ್ಪ. ಮೊದಲು ಹೇಗಿತ್ತೋ ಹಾಗಿದ್ದರೆ ಸಾಕು."

"ಮೊದ್ಲು ಹೆಂಗಿತ್ತು ಅಂತ ಯಾರು ನೋಡವ್ರೆ ಸಾರ್?"

ಅವನು ತಮಾಷೆಗೆ ಕೇಳಿದ್ದಲ್ಲ. ನ್ಯಾಯವಾದ ಪ್ರಶ್ನೆ ಅದು. ಅರುವತ್ತು ವರ್ಷದ ಹಿಂದೆ ಬೇರೊಂದು ದೇಶದ ಕಾರ್ಖಾನೆಯಿಂದ ಹೊರಬಿದ್ದ ವಸ್ತುವಿನ ಮೊದಲ ರೂಪಕ್ಕೆ ಸಾಕ್ಷಿ ಯಾರು? ಸಾಕ್ಷಿ ಆ ಚಕ್ರದಲ್ಲೇ ಇರುತ್ತದೆ. ನಡುವಿನ ಮುಚ್ಚಳ ತೆಗೆದರೆ ಅದರಡಿ ಬಿಸಿಲು ಮಳೆ ಕಾಣದ ಒಂದು ಬಳೆಯಷ್ಟು ಜಾಗ, ಎಸಳಿನ ಹಿಂಬದಿ, ಗಾಳಿ ತುಂಬುವ ವಾಲ್ವಿನ ಸುತ್ತ ಒಂದಿಷ್ಟು. ಯಾರ ಕೈಯೂ ಹೋಗದ ಕಡೆ ಮೂಲದ ಮೈ ಹಾಗೇ ಉಳಿದಿರುತ್ತದೆ. ಕೆಲಸ ಶುರುಮಾಡುವ ಮೊದಲು ಅದನ್ನು ಒರೆಸಿ, ಬೆಳಕಿಗೆ ಹಿಡಿದು, ಫೋಟೊ ತೆಗೆದಿಟ್ಟುಕೊಂಡರೆ ಎಲ್ಲಿ ನಿಲ್ಲಬೇಕೆಂಬುದು ಗೊತ್ತಾಗುತ್ತದೆ. ಗಡಿಬಿಡಿಯಲ್ಲಿ ಚಕ್ರವನ್ನು ಹಿಂದೆ ಮುಂದೆ ಸಂಪೂರ್ಣ ಬಫ್ ಮಾಡಿಸಿದರೆ ಆ ಕೊನೆಯ ಸಾಕ್ಷಿಯೂ ಹೋಯಿತು. ಹಿಂಬದಿಯಲ್ಲಿ ಕಾರ್ಖಾನೆಯವರು ಒತ್ತಿದ ತಿಂಗಳು, ವರ್ಷದ ಗುರುತು ಕೂಡ ಅದರ ಜೊತೆಗೇ ಹೋಗುತ್ತದೆ.

ಬಫಿಂಗಿನ ಬಟ್ಟೆಚಕ್ರ ಮೊದಲು ತಿನ್ನುವುದು ಚೂಪಾದ ಅಂಚನ್ನು. ಎಸಳಿನ ಏಣು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಗೆರೆ ಮಸುಕಾಗಿ ಇಡೀ ಚಕ್ರ ಸಾಬೂನಿನಂತೆ ಜಾರಲು ಶುರುವಾಗುತ್ತದೆ. ನಮ್ಮ ದೇವಸ್ಥಾನಗಳ ಉತ್ಸವಮೂರ್ತಿಯನ್ನು ಹತ್ತಿರದಿಂದ ನೋಡಿದವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು. ತಲೆಮಾರುಗಟ್ಟಲೆ ಹುಣಸೆಹಣ್ಣು ಹಚ್ಚಿ ಬೆಳಗಿ ಬೆಳಗಿ ಮೂಗಿನ ತುದಿ ಸವೆದಿರುತ್ತದೆ, ರೆಪ್ಪೆಯ ಗೆರೆ ಅಳಿಸಿರುತ್ತದೆ. ಯಾರ ಹಗೆಯಿಂದಲೂ ಆದದ್ದಲ್ಲ, ಭಕ್ತಿಯಿಂದ ಆದದ್ದು. ಪ್ರೀತಿಯೂ ಸವೆಸುತ್ತದೆ ಎಂಬುದನ್ನು ಆ ಮುಖಗಳಷ್ಟು ಸ್ಪಷ್ಟವಾಗಿ ಬೇರೇನೂ ನನಗೆ ಕಲಿಸಿಲ್ಲ. ಆದರೂ ಅಲ್ಲಿ ಒಂದು ಸಮಾಧಾನವಿದೆ. ಆ ಸವೆತ ನೂರಾರು ವರ್ಷ ಬೆಳಗಿದ ಕೈಗಳದ್ದು. ಯಂತ್ರಕ್ಕೆ ಹಿಡಿದ ಚಕ್ರ ಅಷ್ಟನ್ನೂ ಒಂದೇ ಮಧ್ಯಾಹ್ನ ಕಳೆದುಕೊಳ್ಳುತ್ತದೆ.

ಕೈಯಲ್ಲಿ ಮಾಡುವವರ ದಾರಿ ಬೇರೆ. ಉಬ್ಬಿದ ಗಾಯ, ಕಲ್ಲಂಚಿಗೆ ಉಜ್ಜಿದ ಗೀರು ಇದ್ದ ಕಡೆ ಮಾತ್ರ 400ರ ವಾಟರ್ ಪೇಪರ್, ಆಮೇಲೆ ಇನ್ನೂ ನುಣ್ಣನೆಯ 600, 800, 1000, ಹೀಗೆ 2000ದವರೆಗೆ. ಒಂದೊಂದು ಪೇಪರಿಗೂ ಉಜ್ಜುವ ದಿಕ್ಕು ಬದಲಿಸಬೇಕು, ಆಗ ಹಿಂದಿನ ಪೇಪರಿನ ಗೀರು ಪೂರ್ತಿ ಹೋಯಿತೇ ಎಂದು ಕಣ್ಣಿಗೇ ಕಾಣುತ್ತದೆ. ಪ್ರತಿ ಸಲವೂ ತೊಳೆಯಬೇಕು. ಹಿಂದಿನ ಒಂದು ಒರಟು ಕಾಳು ಉಳಿದರೂ ಮುಂದಿನ ಕೆಲಸವೆಲ್ಲ ಹಾಳು. 600ರಿಂದ ನೇರವಾಗಿ 2000ಕ್ಕೆ ಹಾರಿದರೆ ಅಂದಿಗೆ ಹೊಳಪು ಬಂದಂತೆ ಕಾಣುತ್ತದೆ, ಬಿಸಿಲಿಗೆ ತಂದಾಗ ಆಳದ ಗೀರುಗಳು ಹೊಳಪಿನ ಒಳಗಿನಿಂದ ಎದ್ದು ಬರುತ್ತವೆ.

ಇನ್ನು ಕಾಪಾಡುವ ಮಾತು. ಪಾಲಿಷ್ ಆದ ಅಲ್ಯೂಮಿನಿಯಂ ಬರಿಮೈಯಲ್ಲಿರುತ್ತದೆ. ಬ್ರೇಕಿನಿಂದ ಉದುರುವ ಬಿಸಿ ಕಬ್ಬಿಣದ ಪುಡಿ, ಕರಾವಳಿಯ ಉಪ್ಪುಗಾಳಿ, ಮಳೆಗಾಲದ ರಾಡಿ ಎಲ್ಲಕ್ಕೂ ಅದು ಸಿಕ್ಕುತ್ತದೆ. ಹಾಗೆಂದು ಹೊಳಪು ಕೊಟ್ಟ ದಿನವೇ ಮೇಲೊಂದು ಲ್ಯಾಕರ್ ಬಳಿದು ನಿಶ್ಚಿಂತರಾಗುವವರೇ ಹೆಚ್ಚು. ಪಾರದರ್ಶಕ ಪದರ, ನೋಡಲು ಚೆಂದ, ತೊಳೆಯಲು ಸುಲಭ. ಆದರೆ ಪಾಲಿಷ್ ಆದ ನುಣುಪಿನ ಮೇಲೆ ಲ್ಯಾಕರಿಗೆ ಹಿಡಿತ ಕಡಿಮೆ. ಅದರ ಜೊತೆಗೆ ಪಾಲಿಷಿನ ಜಿಡ್ಡು ಎಲ್ಲೋ ಉಳಿದಿದ್ದರೆ, ಅಥವಾ ರಸ್ತೆಯ ಜಲ್ಲಿ ಬಡಿದು ಸಾಸಿವೆಯಷ್ಟು ಕಡೆ ಪದರ ಹಾರಿದ್ದರೆ, ತೇವವೂ ಉಪ್ಪೂ ಅಲ್ಲಿಂದ ಒಳಸೇರುತ್ತವೆ. ಒಳಹೊಕ್ಕದ್ದು ಹೊರಗೆ ಬರುವುದಿಲ್ಲ. ಪದರದಡಿಯಲ್ಲೇ ನೂಲಿನೆಳೆಯಂಥ ಬಿಳಿಯ ಗೆರೆಗಳು ಅಂಕುಡೊಂಕಾಗಿ ಹರಿಯತೊಡಗುತ್ತವೆ. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಅದನ್ನು ಮುಟ್ಟಬೇಕಾದರೆ ಇಡೀ ಲ್ಯಾಕರನ್ನೇ ಕಿತ್ತು ಮೊದಲಿನಿಂದ ಶುರುಮಾಡಬೇಕು, ಅಂದರೆ ಇನ್ನೊಮ್ಮೆ ಲೋಹ ಕಳೆಯಬೇಕು. ತೊಳೆಯದೆ ಮುಚ್ಚಿದ್ದು ಮುಚ್ಚಳದಡಿಯಲ್ಲೇ ಬೆಳೆಯುತ್ತದೆ. ಈ ಮಾತು ಚಕ್ರಕ್ಕೆ ಮಾತ್ರ ಸಲ್ಲುತ್ತದೆಂದು ನಾನು ನಂಬುವುದಿಲ್ಲ. ಮನೆಯೊಳಗಿನ ಎಷ್ಟೋ ಹಳೆಯ ಮನಸ್ತಾಪಗಳ ಮೇಲೆ ನಾವು ಬಳಿದಿರುವುದೂ ಇಂಥದೇ ಹೊಳೆಯುವ ಪದರ.

ಆ ಜರ್ಮನ್ ಚಕ್ರವನ್ನು ಮಾಡಿದವರು ಹಿಡಿದ ದಾರಿ ಆನೊಡೈಸಿಂಗ್. ಇದಕ್ಕೊಂದು ಹಿನ್ನೆಲೆ ಇದೆ. ಕಡಲ ಮೇಲೆ ಇಳಿಯುವ ವಿಮಾನಗಳ ಅಲ್ಯೂಮಿನಿಯಂ ಮಿಶ್ರಲೋಹದ ಭಾಗಗಳನ್ನು ಉಪ್ಪುನೀರಿನಿಂದ ಉಳಿಸಲು 1923ರಲ್ಲಿ ಬ್ರಿಟನ್ನಿನ ಬೆಂಗೊ ಮತ್ತು ಸ್ಟುವರ್ಟ್ ಎಂಬಿಬ್ಬರು ಕ್ರೋಮಿಕ್ ಆಮ್ಲ ಬಳಸಿ ಮಾಡಿದ ವಿಧಾನ ಇದರ ಮೊದಲ ರೂಪ. ಆಮೇಲೆ ಗಂಧಕಾಮ್ಲದ ವಿಧಾನ ಬಂದು ಅದೇ ಹೆಚ್ಚು ಬಳಕೆಗೆ ನಿಂತಿತು. ಲೋಹವನ್ನು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಆಗ ಹೊರಗಿನಿಂದ ಏನೂ ಬಂದು ಕೂರುವುದಿಲ್ಲ. ಅಲ್ಯೂಮಿನಿಯಂ ತಾನಾಗಿ ಕಟ್ಟಿಕೊಳ್ಳುತ್ತಿದ್ದ ಪದರವೇ ನ್ಯಾನೋಮೀಟರಿನ ಲೆಕ್ಕದಿಂದ ಮೈಕ್ರಾನಿನ ಲೆಕ್ಕಕ್ಕೆ ಬೆಳೆಯುತ್ತದೆ. ಐದರಿಂದ ಇಪ್ಪತ್ತೈದು ಮೈಕ್ರಾನ್ ಸಾಮಾನ್ಯ. ಒಂದು ಪಾಲು ಹೊರಕ್ಕೆ, ಒಂದು ಪಾಲು ಲೋಹದ ಒಳಕ್ಕೆ. ಹೊಸ ಪದರದ ಕಣ್ಣಿಗೆ ಕಾಣದ ರಂಧ್ರಗಳನ್ನು ಕುದಿಯುವಷ್ಟು ಬಿಸಿಯಾದ ಶುದ್ಧ ನೀರಿನಲ್ಲಿ ಅದ್ದಿ ಮುಚ್ಚುತ್ತಾರೆ. ಈ ಪದರ ಸಿಪ್ಪೆಯಾಗಿ ಏಳುವುದಿಲ್ಲ, ಏಕೆಂದರೆ ಅದು ಅಂಟಿಸಿದ್ದಲ್ಲ. ಒಂದರಲ್ಲಿ ಮೊದಲೇ ಇದ್ದ ಶಕ್ತಿಯನ್ನು ಗುರುತಿಸಿ ಅದನ್ನೇ ಬಲಪಡಿಸುವುದು ರಕ್ಷಣೆಗಳಲ್ಲೆಲ್ಲ ದೊಡ್ಡದು ಎಂದು ನನ್ನ ಎಣಿಕೆ. ಮಕ್ಕಳನ್ನು ಬೆಳೆಸುವವರೂ ಇದನ್ನು ಯೋಚಿಸಬಹುದು.

ಹಾಗಾದರೆ ಎಲ್ಲ ಚಕ್ರಕ್ಕೂ ಆನೊಡೈಸಿಂಗ್ ಮಾಡಿಸಿಬಿಡೋಣ ಎಂದರೆ ಅದೂ ಆಗದು. ಎರಕದ ಚಕ್ರಗಳ ಮಿಶ್ರಲೋಹದಲ್ಲಿ ಸಿಲಿಕಾನ್ ಹೆಚ್ಚಿರುತ್ತದೆ, ಬಹಳ ಕಡೆ ನೂರಕ್ಕೆ 7ರ ಸುಮಾರು. ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯಲು ಅದು ಬೇಕೇ ಬೇಕು. ಆದರೆ ಅಂಥ ಲೋಹವನ್ನು ತೊಟ್ಟಿಯಲ್ಲಿ ಅದ್ದಿದರೆ ಮೇಲೇಳುವುದು ಮಂಕು ಬೂದಿಬಣ್ಣ. ಬರಿಮೈಯಲ್ಲೇ ಹುಟ್ಟಿದ ಚಕ್ರಕ್ಕೆ ಕೈಯಿಂದ ಮೆಲ್ಲಗೆ ಒರೆಸಿ ಮೇಣ ಹಚ್ಚುವುದೇ ಸರಿ. ಮೇಣಕ್ಕೆ ಆಯಸ್ಸು ಕಡಿಮೆ. ಬ್ರೆಜಿಲಿನ ತಾಳೆಯೆಲೆಯಿಂದ ಬರುವ ಕಾರ್ನೌಬಾ ಮೇಣವೂ 80 ಡಿಗ್ರಿ ದಾಟಿದರೆ ಕರಗತೊಡಗುತ್ತದೆ, ಬ್ರೇಕಿನ ಪಕ್ಕದಲ್ಲಿ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಮತ್ತೆ ಮತ್ತೆ ಹಚ್ಚಬೇಕು. ಒಮ್ಮೆ ಮಾಡಿ ಮರೆತುಬಿಡುವಂಥ ಕಾಳಜಿಯನ್ನು ಹುಡುಕುವವರಿಗೆ ಇದು ತೊಂದರೆ ಎನಿಸುತ್ತದೆ. ನನಗೆ ಹಾಗೆ ಅನಿಸಿಲ್ಲ. ಮೇಣ ಹಚ್ಚಲು ಕೂತಾಗಲೇ ಹೊಸ ಗೀರು, ಸಡಿಲವಾದ ನಟ್ಟು, ಎಸಳಿನ ಬುಡದ ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಬೀಳುವುದು.

ಆ ಬಿರುಕಿನ ವಿಚಾರದಲ್ಲೇ ನಾನು ಈ ಲೇಖನದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು. ಚಕ್ರ ಪ್ರದರ್ಶನದ ವಸ್ತುವಲ್ಲ, ಅದರ ಮೇಲೆ ಜನ ಕೂತು ಹೋಗುತ್ತಾರೆ. ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬಲ ಬರುವುದು ಕಾರ್ಖಾನೆಯಲ್ಲಿ ಅಳತೆಗೆ ತಕ್ಕಂತೆ ಕೊಟ್ಟ ಶಾಖದಿಂದ. ಆ ಹದ ಕಟ್ಟುವುದೇ 150ರಿಂದ 180 ಡಿಗ್ರಿಯ ಸುಮಾರಿನಲ್ಲಿ. ಸೊಟ್ಟಗಾದ ರಿಮ್ಮಿಗೆ ಗ್ಯಾಸ್ ಬೆಂಕಿ ಹಿಡಿದು ಬಡಿದು ನೇರಮಾಡುವುದನ್ನು ನಮ್ಮ ಊರುಗಳಲ್ಲಿ ಯಾರು ಬೇಕಾದರೂ ನೋಡಬಹುದು, ನಮ್ಮ ರಸ್ತೆಗುಂಡಿಗಳು ಅಂಥ ಗಿರಾಕಿಗಳನ್ನು ದಿನವೂ ಕಳಿಸುತ್ತವೆ. ಬೆಂಕಿ ಸೋಕಿದ ಕಡೆ ಹದ ಹೋಗುತ್ತದೆ, ಹೋದದ್ದಕ್ಕೆ ಹೊರಗೆ ಒಂದು ಗುರುತೂ ಇರುವುದಿಲ್ಲ. ಅದರ ಮೇಲೆ ಬಫಿಂಗ್ ಮಾಡಿದರೆ ಚಕ್ರ ಹೊಸದರಂತೆ ಕಾಣುತ್ತದೆ. ಕೊಂಡವರು ನಂಬುತ್ತಾರೆ. ಹೊಳಪು ಇಲ್ಲಿ ಬರೀ ಅಲಂಕಾರವಾಗಿ ಉಳಿಯುವುದಿಲ್ಲ, ಸುಳ್ಳುಸಾಕ್ಷಿ ಹೇಳುತ್ತದೆ. ಬಿರುಕು ಹುಡುಕುವ ಪರೀಕ್ಷೆ ಕಷ್ಟದ್ದೂ ಅಲ್ಲ. ಚೊಕ್ಕಟ ಮಾಡಿದ ಚಕ್ರಕ್ಕೆ ಕೆಂಪು ಬಣ್ಣದ ತೆಳು ದ್ರಾವಣ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿಯ ಪುಡಿ ಹಿಡಿಸುತ್ತಾರೆ. ಬಿರುಕಿದ್ದಲ್ಲಿ ಒಳಗೆ ಇಳಿದಿದ್ದ ಕೆಂಪು ಮೇಲಕ್ಕೆ ಬಂದು ಗೆರೆಯಾಗಿ ನಿಲ್ಲುತ್ತದೆ. ಇದನ್ನು ಬಫಿಂಗಿಗೆ ಮೊದಲೇ ಮಾಡಿಸಬೇಕು. ಮೆದುವಾದ ಈ ಲೋಹವನ್ನು ಉಜ್ಜುವಾಗ ಅದು ಹರಡಿಕೊಂಡು ಬಿರುಕಿನ ಬಾಯಿಯನ್ನೇ ಮುಚ್ಚಿಬಿಡುತ್ತದೆ.

ಹಳೆಯ ರೇಸ್ ಕಾರುಗಳ ಲೋಕದಲ್ಲಿ ಈ ಎಚ್ಚರ ಚೆನ್ನಾಗಿ ಬೇರೂರಿದೆ. ಕಾರು ತಯಾರಕ ಎತ್ತೋರೆ ಬುಗಾಟಿ 1924ರಲ್ಲಿ ಲಿಯೋನ್ ಗ್ರಾನ್ ಪ್ರಿ ರೇಸಿಗೆ ತಂದ ಟೈಪ್ 35 ಕಾರಿಗೆ ಎಂಟು ಚಪ್ಪಟೆ ಕಡ್ಡಿಗಳ ಎರಕದ ಅಲ್ಯೂಮಿನಿಯಂ ಚಕ್ರವಿತ್ತು, ಬ್ರೇಕಿನ ಡ್ರಮ್ಮೂ ಅದರಲ್ಲೇ ಸೇರಿತ್ತು. ಆ ಕಾಲಕ್ಕೆ ಅದೊಂದು ಸಾಹಸ. ಇಂದು ಆ ಕಾರುಗಳನ್ನು ಓಡಿಸುವ ಹಲವರು ಹೊಸದಾಗಿ ಎರಕ ಹೊಯ್ಸಿದ ಚಕ್ರ ಹಾಕಿ ಓಡಿಸುತ್ತಾರೆ, ಮೂಲದ್ದನ್ನು ಜೋಪಾನವಾಗಿ ತೆಗೆದಿಡುತ್ತಾರೆ. ದುಡಿದು ದಣಿದದ್ದನ್ನು ಮತ್ತೆ ದುಡಿಯಲು ಒತ್ತಾಯಿಸದೆ ಇರುವುದು ಕೂಡ ಅದಕ್ಕೆ ತೋರುವ ಗೌರವ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಇದೇ ದಿಕ್ಕಿನದು. ಸ್ಮಾರಕಗಳಿಗಾಗಿ 1964ರಲ್ಲಿ ಆದ ವೆನಿಸ್ ಸನ್ನದಿನ ಹಾದಿಯಲ್ಲಿ ನಡೆದು, ಇರುವುದನ್ನು ಆದಷ್ಟು ಉಳಿಸಿ, ಮಾಡಿದ ಬದಲಾವಣೆಯನ್ನು ಬರೆದಿಡಿ ಎಂದು ಅದು ಹೇಳುತ್ತದೆ. ನಮ್ಮಲ್ಲಿ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಜನರ ಕಣ್ಣು ಮೊದಲು ಹೋಗುವುದು ಹೆಚ್ಚು ಮಿಂಚುವ ಕಾರಿನ ಕಡೆಗೆ. ಮಿಂಚದೆ ಸತ್ಯವಾಗಿ ಉಳಿದಿರುವ ಕಾರಿನ ಮುಂದೆ ನಿಂತು ಎರಡು ಮಾತು ಹೇಳುವ ಅಭ್ಯಾಸ ನಮಗೆ ಬರಬೇಕಾಗಿದೆ.

ಕಡೆಗೆ ಆ ಬಫಿಂಗ್ ಮಾಡುವವನ ಮಾತು. ಬಾಯಿಗೆ ಟವೆಲ್ ಸುತ್ತಿಕೊಂಡು, ಗಿರ್ರನೆ ತಿರುಗುವ ಯಂತ್ರದ ಮುಂದೆ ಭಾರವಾದ ಚಕ್ರ ಹಿಡಿದು ನಿಂತಿರುತ್ತಾನೆ. ಹಣೆ, ಕಿವಿ, ರೆಪ್ಪೆ ಎಲ್ಲ ಕಪ್ಪು. ನಮ್ಮ ಬಟ್ಟೆಗೆ ಹತ್ತಿದ ಆ ಕಪ್ಪೇ ಅವನ ಎದೆಯೊಳಕ್ಕೂ ಹೋಗುತ್ತದೆ. ಟವೆಲ್ ಅದನ್ನು ತಡೆಯುವುದಿಲ್ಲ. ಗಾಳಿಯಲ್ಲಿ ಹಾರುವ ಅಲ್ಯೂಮಿನಿಯಂ ಪುಡಿಗೆ ಕಿಡಿ ತಾಗಿದರೆ ಸಿಡಿಯುವ ಗುಣವಿದೆ. ಅದೇ ಯಂತ್ರದಲ್ಲಿ ಕಬ್ಬಿಣ ಉಜ್ಜಿ, ಅದೇ ಮೂಲೆಯಲ್ಲಿ ಎರಡರ ಪುಡಿಯೂ ಗುಡ್ಡೆಯಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಈ ಲೋಹ ಸುಲಭಕ್ಕೆ ಸಿಗುವಂಥದ್ದೂ ಅಲ್ಲ. ಒಂದು ಟನ್ ಅಲ್ಯೂಮಿನಿಯಂಗೆ ಸುಮಾರು ನಾಲ್ಕು ಟನ್ ಬಾಕ್ಸೈಟ್ ಅಗೆಯಬೇಕು, ಸುಮಾರು 14,000 ಯೂನಿಟ್ ವಿದ್ಯುತ್ ಸುರಿಯಬೇಕು. ಅಷ್ಟು ಬೆಲೆ ತೆತ್ತು ಪಡೆದ ಲೋಹವನ್ನು ಒಬ್ಬನ ಉಸಿರಿನೊಳಗೆ ಪುಡಿಯಾಗಿ ಸೇರಿಸುವ ಮೊದಲು, ಆ ಹೊಳಪು ಎಷ್ಟು ಬೇಕು ಎಂದು ಕೇಳಿಕೊಳ್ಳುವ ಹೊಣೆ ಮಾಲೀಕನದು. ಕೆಲಸದವನದಲ್ಲ.

ಆದ್ದರಿಂದ, ಹಳೆಯ ಕಾರನ್ನು ಮನೆಯಲ್ಲಿ ಇಟ್ಟುಕೊಂಡವರಲ್ಲಿ ನನ್ನದೊಂದು ಬೇಡಿಕೆ. ಚಕ್ರವನ್ನು ಕೊಡುವ ಮೊದಲು ಮುಚ್ಚಳ ತೆಗೆದು ಒಳಗಿನ ಮೂಲ ಮೈಯನ್ನು ಕೆಲಸದವನಿಗೆ ತೋರಿಸಿ, "ಇಷ್ಟಕ್ಕೆ ನಿಲ್ಲಿಸಪ್ಪ" ಎಂದು ಹೇಳಿ. ಬಿರುಕಿನ ಪರೀಕ್ಷೆ ಮೊದಲು, ಹೊಳಪು ಆಮೇಲೆ. ಹಿಂಬದಿ ಮುಟ್ಟುವುದು ಬೇಡ ಎನ್ನಿ. ಏನು ಮಾಡಿಸಿದಿರಿ ಎಂಬುದನ್ನು ಕಾರಿನ ಕಾಗದಪತ್ರಗಳ ಜೊತೆ ಒಂದು ಹಾಳೆಯಲ್ಲಿ ಬರೆದಿಡಿ. ಧೂಳು ತಡೆಯುವ ಒಳ್ಳೆಯ ಮಾಸ್ಕ್ ನೀವೇ ಕೊಂಡು ಕೊಡಿ. ಅವನು ಕಡಿಮೆ ಉಜ್ಜಿ, ಹೆಚ್ಚು ನೋಡಿ, ಸಮಯಕ್ಕೆ ಕೈ ತಡೆದು ನಿಲ್ಲಿಸಿದ್ದಕ್ಕೆ, ಮುಖ ಕಾಣುವಂತೆ ಮಾಡಿದ್ದರೆ ಕೊಡುತ್ತಿದ್ದ ಪೂರ್ತಿ ಕೂಲಿಯನ್ನೇ ಕೊಡಿ.